ಸಾಕು ಕಪ್ಪೆಗೆ ಯಾವ ಹುಳ ಕೊಟ್ಟರೆ ಸುರಕ್ಷಿತ? ನಮ್ಮ ಕಡೆ ಸಿಗುವ ರೇಷ್ಮೆ ಹುಳ, ಎರೆಹುಳ, ಕ್ರಿಕೆಟ್, ಹಿತ್ತಲ ಮಿಡತೆ

ಕೆರೆಏರಿ_ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ದೊಡ್ಡ ವೈಟ್ಸ್ ಟ್ರೀ ಫ್ರಾಗ್, ಒಂದು ಮರಿ ಪ್ಯಾಕ್‌ಮನ್ ಕಪ್ಪೆ ಇವೆ. ಮರಿ ಈಗ ಸುಮಾರು 5 ಸೆಂ.ಮೀ. ಇದೆ. ಕೊರಿಯರ್‌ನಲ್ಲಿ ತರಿಸುವ ಕ್ರಿಕೆಟ್ ಹುಳ (ಮಿಡತೆ ಜಾತಿಯ, ಕೀರಲು ಸದ್ದು ಮಾಡುವ ಕೀಟ) ಬೇಸಿಗೆಯಲ್ಲಿ ಬಿಸಿಲಿಗೆ ಸತ್ತು ಬರುತ್ತವೆ. ಸುತ್ತಮುತ್ತ ರೇಷ್ಮೆ ಮನೆಗಳಿವೆ, ಎರೆಗೊಬ್ಬರ ಮಾಡುವವರಿದ್ದಾರೆ, ಹಿತ್ತಲಲ್ಲಿ ಮಿಡತೆಗೆ ಬರವಿಲ್ಲ. ಇದರಲ್ಲಿ ಯಾವುದನ್ನು ಧೈರ್ಯವಾಗಿ ಕೊಡಬಹುದು, ಯಾವುದನ್ನು ಮುಟ್ಟಲೇಬಾರದು? ಗೊತ್ತಿರುವವರು ವಿವರವಾಗಿ ಹೇಳಿ.

ಹಿಪ್ಪುನೇರಳೆ_ಶಿಡ್ಲಘಟ್ಟ

ಚಿಂತಾಮಣಿಯಲ್ಲಿದ್ದುಕೊಂಡು ಕೊರಿಯರ್ ನಂಬಿಕೊಂಡು ಕೂರಬೇಕಾಗಿಲ್ಲ ಸರ್. ರೇಷ್ಮೆ ಹುಳಕ್ಕಿಂತ ಮೆತ್ತಗಿನ, ಕಚ್ಚದ, ಓಡದ ಹುಳ ಇನ್ನೊಂದಿಲ್ಲ. 100 ಗ್ರಾಂ ಹುಳದಲ್ಲಿ ಸುಮಾರು 83 ಗ್ರಾಂ ನೀರು, 9 ಗ್ರಾಂ ಪ್ರೋಟೀನ್, ಕೊಬ್ಬು ಒಂದೂವರೆ ಗ್ರಾಂಗಿಂತ ಕಡಿಮೆ. ಮೈ ಊದಿಕೊಳ್ಳುವ ಚಾಳಿ ಇರುವ ವೈಟ್ಸ್ ಕಪ್ಪೆಗೆ ಇದು ಹೇಳಿ ಮಾಡಿಸಿದ ಆಹಾರ. ಆದರೆ ಯಾವ ಹುಳವನ್ನು, ಯಾವ ಹೊತ್ತಿನಲ್ಲಿ ತರುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ಪ್ರತಿ ಜ್ವರ (ಹುಳ ಮೇಯುವುದು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ, ಹಿಪ್ಪುನೇರಳೆ ಸೊಪ್ಪು ಕೊಡುವುದಕ್ಕೆ ಸ್ವಲ್ಪ ಮುಂಚೆ, ರೈತರು ಹುಳದ ಮೈಮೇಲೇ ಹಾಸಿಗೆ (ಹುಳ ಮೇಯುವ ಸೊಪ್ಪಿನ ಹಾಸು) ಸೋಂಕುನಿವಾರಕ ಪುಡಿ ಉದುರಿಸುತ್ತಾರೆ. ಜ್ವರಕ್ಕೆ ಕೂತಾಗ ತೇವ ಹೀರಲು ಸುಣ್ಣದ ಪುಡಿಯನ್ನೂ ಹಾಕುತ್ತಾರೆ. ರೇಷ್ಮೆ ಹುಳಕ್ಕೆ ಅದು ಒಳ್ಳೆಯದೇ. ಕಪ್ಪೆಗೆ ಹಾಗಲ್ಲ, ಅದರ ಚರ್ಮವೇ ನೀರನ್ನೂ ಗಾಳಿಯನ್ನೂ ಹೀರುವ ಅಂಗ. ಸುಣ್ಣ ತಾಗಿದ ಹುಳ ಬಾಯಿಗೆ ಹೋದರೆ ನಾಲಿಗೆ ಸುಡುತ್ತದೆ. ಅದಕ್ಕೇ ಪುಡಿ ಹಾಕಿದ ದಿನ ತರಬೇಡಿ. ಪುಡಿ ಹಾಕಿ ಎರಡು ದಿನ ಸೊಪ್ಪು ತಿಂದಿರುವ ಹುಳ ಕೇಳಿ. ಮನೆಗೆ ತಂದು ಹಳೇ ಹಾಸಿಗೆ ಪೂರ್ತಿ ಬಿಸಾಡಿ, ಅಗಲ ಟ್ರೇಗೆ ಅಚ್ಚಿಲ್ಲದ ಕಾಗದ ಹಾಸಿ, ಔಷಧಿ ಕಾಣದ ಸೊಪ್ಪು ಕೊಟ್ಟು ಇನ್ನೂ 48 ಗಂಟೆ ಸಾಕಿ. ಆಮೇಲೆ ಕಪ್ಪೆಗೆ.

ಅಳತೆ: ನಿಮ್ಮ ಮರಿ ಪ್ಯಾಕ್‌ಮನ್‌ಗೆ ಎರಡನೇ ಜ್ವರ ಎದ್ದು ಮೂರನೇ ಜ್ವರಕ್ಕೆ ಹೋಗುವ ಮುಂಚಿನ ಹುಳ, ಅಂದರೆ ಸುಮಾರು ಒಂದೂವರೆ ಸೆಂ.ಮೀ. ವೈಟ್ಸ್‌ಗೆ ಮೂರನೇ ಜ್ವರ ಎದ್ದ ಹುಳ, 3 ಸೆಂ.ಮೀ. ಆಸುಪಾಸು. ಹಣ್ಣಾದ ಹುಳ ಬೇಡ. ಮೈ ಹಳದಿಯಾಗಿ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಹುಳ ಆಗಲೇ ನೂಲು ಬಿಡಲು ಜಾಗ ಹುಡುಕುತ್ತಿರುತ್ತದೆ. ಅದರ ಜಾಗ ಗೂಡು ಕಟ್ಟಲು ಬಿಡುವ ಚಂದ್ರಿಕೆ, ಕಪ್ಪೆ ತೊಟ್ಟಿಯಲ್ಲ.

ನೋಡಿ ಬಿಡಬೇಕಾದವು: ಮೈ ಊದಿ ಹಾಲಿನಂಥ ರಸ ಸೋರುವ ಹುಳ, ಅದು ಹಾಲು ರೋಗ. ಜೋತುಬಿದ್ದು ಮೆತ್ತಗಾಗಿ ವಾಸನೆ ಹೊಡೆಯುವುದು ಸಪ್ಪೆ ರೋಗ. ಬಿಳಿಯಾಗಿ ಗಟ್ಟಿಯಾಗಿ ಸೀಮೆಸುಣ್ಣದ ತುಂಡಿನಂತಾದದ್ದು ಸುಣ್ಣಕಟ್ಟು. ಮೈಮೇಲೆ ಕಪ್ಪು ಚುಕ್ಕೆ ಇದ್ದರೆ ಒಳಗೆ ಊಜಿ ನೊಣದ ಮರಿ ಇದೆ. ಹಾಲು ರೋಗದ ವೈರಾಣು ಕಪ್ಪೆಗೆ ಅಂಟುವಂಥದ್ದಲ್ಲ. ಆದರೂ ಕಾಯಿಲೆ ಬಿದ್ದ ಹುಳದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿರುತ್ತವೆ. ಅಂಥ ಒಂದು ಹುಳ ಕಂಡರೂ ಆ ತಟ್ಟೆಯಿಂದ ತರಬೇಡಿ.

ಇನ್ನೊಂದು ಅನುಕೂಲ ಹೇಳಲೇಬೇಕು. ಕೀಟನಾಶಕ ಹೊಡೆದ ಸೊಪ್ಪು ತಿಂದರೆ ರೇಷ್ಮೆ ಹುಳ ತಾನೇ ಮೊದಲು ತಲೆ ಎತ್ತಿ, ಹಸಿರು ವಾಂತಿ ಮಾಡಿ, ಸುರುಟಿಕೊಂಡು ಸಾಯುತ್ತದೆ. ಹುಳ ಚೆನ್ನಾಗಿ ಮೇಯುತ್ತಿದೆ ಅಂದರೆ ಸೊಪ್ಪಿನಲ್ಲಿ ಕೀಟನಾಶಕ ಇಲ್ಲ ಅಂತ ಹೆಚ್ಚುಕಡಿಮೆ ನಂಬಬಹುದು. ಬೂದಿ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕಕ್ಕೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ರೈತರನ್ನೇ ಕೇಳಿ ತಿಳಿಯಿರಿ.

ಗಲ್‌ಪೇಟೆ_ಪಶುವೈದ್ಯ

ಮೇಲಿನದು ತುಂಬಾ ಒಳ್ಳೆಯ ಉತ್ತರ. ಇದಕ್ಕೆ ಸುಣ್ಣಾಂಶದ ವಿಷಯ ಸೇರಿಸುತ್ತೇನೆ, ಸಾಕು ಕಪ್ಪೆಗಳು ಹೆಚ್ಚಾಗಿ ಸೊರಗುವುದೇ ಅಲ್ಲಿ.

ಕಪ್ಪೆಗೆ ಬೇಕಾದದ್ದು ಕ್ಯಾಲ್ಸಿಯಂ ಹೆಚ್ಚು, ರಂಜಕ ಕಡಿಮೆ. ಹುಳಗಳಲ್ಲಿ ಅದು ಉಲ್ಟಾ. ಕ್ರಿಕೆಟ್‌ನಲ್ಲಿ ಒಂದು ಪಾಲು ಕ್ಯಾಲ್ಸಿಯಂಗೆ ಸುಮಾರು 7 ಪಾಲು ರಂಜಕ, ರೇಷ್ಮೆ ಹುಳದಲ್ಲಿ 13, ಹಿಟ್ಟಿನ ದುಂಬಿಯ ಮರಿಯಾದ ಮೀಲ್‌ವರ್ಮ್‌ನಲ್ಲಿ 17ರ ಹತ್ತಿರ. ಪೇಟೆಯಲ್ಲಿ ಸಿಗುವವುಗಳಲ್ಲಿ ಈ ಲೆಕ್ಕ ನೆಟ್ಟಗಿರುವುದು ಕಪ್ಪು ಸೈನಿಕ ನೊಣದ ಮರಿಯಲ್ಲಿ, ಅಂದರೆ ಬಿಎಸ್‌ಎಫ್ ಹುಳದಲ್ಲಿ. ಅದರಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಎರಡು ಪಟ್ಟಿಗೂ ಮೇಲಿದೆ. ಉಳಿದ ಯಾವ ಹುಳ ಕೊಟ್ಟರೂ ಕ್ಯಾಲ್ಸಿಯಂ ಪುಡಿ ಹಚ್ಚಲೇಬೇಕು. ಹಚ್ಚದಿದ್ದರೆ ಕೆಳದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳು ಅದುರುತ್ತವೆ. ದವಡೆ ಮೆತ್ತಗಾದ ಕಪ್ಪೆ ಹುಳ ನೋಡುತ್ತದೆ, ಹಾರುತ್ತದೆ, ಹಿಡಿಯಲು ಆಗುವುದಿಲ್ಲ. ಹಸಿವಿಲ್ಲ ಅಂದುಕೊಂಡು ಮನೆಯವರು ವಾರಗಟ್ಟಲೆ ಸುಮ್ಮನಿರುತ್ತಾರೆ.

ಯಾವ ಪುಡಿ? ರಂಜಕ ಇಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್. ಹಸುವಿಗೆ ಕೊಡುವ ಖನಿಜ ಮಿಶ್ರಣದಲ್ಲಿ ಡೈಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ, ರಂಜಕ ಸೇರಿಬಿಡುತ್ತದೆ, ಬೇಡ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಖಂಡಿತ ಬೇಡ, ಅದು ಸುಡುವ ಕ್ಷಾರ. ಮೊಟ್ಟೆ ಚಿಪ್ಪು ಆಗುತ್ತದೆ: 10 ನಿಮಿಷ ಕುದಿಸಿ, ಒಳಗಿನ ಪೊರೆ ತೆಗೆದು, ಪೂರ್ತಿ ಒಣಗಿಸಿ, ಮಿಕ್ಸಿಗೆ ಹಾಕಿ ತೆಳು ಬಟ್ಟೆಯಲ್ಲಿ ಸೋಸಿ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು, ತರಿ ಇದ್ದರೆ ಹುಳದ ಮೈಗೆ ಅಂಟುವುದಿಲ್ಲ.

ಹಚ್ಚುವ ಕ್ರಮ: ಒಂದು ಡಬ್ಬಿಗೆ ಕಾಲು ಚಮಚ ಪುಡಿ, 5-6 ಹುಳ, ಎರಡು ಸಲ ಮೆಲ್ಲಗೆ ಅಲ್ಲಾಡಿಸಿ ಕೂಡಲೇ ಕೊಡಿ. ಕ್ರಿಕೆಟ್ ಮೈ ನೆಕ್ಕಿಕೊಂಡು ಪುಡಿಯನ್ನು ಬೇಗ ಕಳೆದುಕೊಳ್ಳುತ್ತದೆ. ಮರಿಗೆ ಹೆಚ್ಚುಕಡಿಮೆ ಪ್ರತಿ ಊಟಕ್ಕೆ, ದೊಡ್ಡದಕ್ಕೆ ಊಟ ಬಿಟ್ಟು ಊಟಕ್ಕೆ. ವಾರಕ್ಕೊಮ್ಮೆ ಅದರ ಬದಲು ಡಿ3 ಮತ್ತು ಎ ಜೀವಸತ್ವ ಇರುವ ಸರೀಸೃಪ-ಉಭಯಚರ ಪುಡಿ. ಎ ಅಂದಾಗ ಡಬ್ಬಿಯ ಮೇಲೆ ರೆಟಿನಾಲ್ ಅಥವಾ ರೆಟಿನೈಲ್ ಅಂತ ಇರಲಿ. ಬೀಟಾ ಕ್ಯಾರೋಟಿನ್ ಒಂದೇ ಇದ್ದರೆ ಸಾಲದು, ಅದನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಶಕ್ತಿ ಕಪ್ಪೆಗಳಿಗೆ ಕಡಿಮೆ. ಎ ಕೊರತೆಯಾದರೆ ನಾಲಿಗೆಯ ಅಂಟು ಹೋಗುತ್ತದೆ, ನಾಲಿಗೆ ತಾಗಿದರೂ ಹುಳ ಜಾರುತ್ತದೆ. ತೆರೆದ ಡಬ್ಬಿಯನ್ನು 6 ತಿಂಗಳಾದ ಮೇಲೆ ಬದಲಿಸಿ.

ಮುಳಬಾಗಿಲು_ಹೊಲಮನೆ

ಡಾಕ್ಟ್ರೇ, ರಾಗಿಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲ. ಹುಳಕ್ಕೆ ರಾಗಿ ಹಿಟ್ಟು ತಿನ್ನಿಸಿದರೆ ಪುಡಿಯ ತಾಪತ್ರಯ ತಪ್ಪಲ್ವಾ?

ಗಲ್‌ಪೇಟೆ_ಪಶುವೈದ್ಯ

ತಪ್ಪುವುದಿಲ್ಲ, ಲೆಕ್ಕ ನೋಡಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಧಾನ್ಯಗಳಲ್ಲಿ ಅದೇ ಮೇಲು, ನಮ್ಮ ಮುದ್ದೆಗೆ ಸಾಕು. ಆದರೆ ಹುಳದ ಹೊಟ್ಟೆ ತುಂಬಿಸಿ ಅದರ ಮೂಲಕ ಕಪ್ಪೆಗೆ ಕ್ಯಾಲ್ಸಿಯಂ ದಾಟಿಸಬೇಕಾದರೆ ಆ ತಿನಿಸಿನಲ್ಲಿ ನೂರಕ್ಕೆ 8 ಭಾಗ ಇರಬೇಕು. 80 ಗ್ರಾಂ ರಾಗಿ ಹಿಟ್ಟು ಅಥವಾ ಕೋಳಿ ತಿನಿಸಿನ ಪುಡಿ, ಅಂದರೆ ಕೋಳಿ ಮ್ಯಾಶ್‌ಗೆ 20 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕಲಸಿದರೆ 8 ಗ್ರಾಂ ಸಿಗುತ್ತದೆ, ಏಕೆಂದರೆ ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ 40. ಇದನ್ನು ಕಪ್ಪೆಗೆ ಕೊಡುವ ಮುಂಚಿನ 48 ಗಂಟೆ ಮಾತ್ರ ಕ್ರಿಕೆಟ್‌ಗೆ ಹಾಕಿ. ಯಾವಾಗಲೂ ಅದನ್ನೇ ಹಾಕಿದರೆ ಕ್ರಿಕೆಟ್‌ಗಳೇ ಸಾಯುತ್ತವೆ.

ಕೆರೆಏರಿ_ಚಿಂತಾಮಣಿ

ತುಂಬಾ ಉಪಕಾರವಾಯಿತು. ಶಿಡ್ಲಘಟ್ಟದವರೇ, ರೀಲಿಂಗ್ ಮಾಡುವ ಕಡೆ ಗೂಡು ಬಿಚ್ಚಿದ ಮೇಲೆ ಉಳಿಯುವ ಹುಳ ಅಗ್ಗದಲ್ಲಿ ಸಿಗುತ್ತದೆ. ಅದು ಆಗುತ್ತದಾ?

ಹಿಪ್ಪುನೇರಳೆ_ಶಿಡ್ಲಘಟ್ಟ

ಬೇಡ ಸರ್. ಅದು ಕೋಶ, ಬಿಸಿನೀರಲ್ಲಿ ಬೆಂದದ್ದು, ಕದಲುವುದಿಲ್ಲ. ಕದಲದ್ದನ್ನು ಕಪ್ಪೆ ಆಹಾರ ಅಂತ ಎಣಿಸುವುದೇ ಇಲ್ಲ. ಚಿಮಟದಲ್ಲಿ ಹಿಡಿದು ಆಡಿಸಿ ತಿನ್ನಿಸಬಹುದು, ಆದರೆ ಅದರಲ್ಲಿ ಎಣ್ಣೆ ಜಾಸ್ತಿ, ರಾಶಿ ಹಾಕಿದ ಕೆಲವೇ ಗಂಟೆಗಳಲ್ಲಿ ಕಮಟು ಹಿಡಿಯುತ್ತದೆ. ಕೋಳಿಗೆ, ಮೀನಿಗೆ ಒಣಗಿಸಿ ಹಾಕಲಿ, ಕಪ್ಪೆಗೆ ಬೇಡ.

ಕಲ್ಪತರು_ತಿಪಟೂರು

ಎರೆಹುಳದ ಬಗ್ಗೆ ನಾನು ಹೇಳ್ತೀನಿ, ಅದರಲ್ಲಿ ಜಾತಿ ನೋಡೋದು ಮುಖ್ಯ. ನಮ್ಮ ಕಡೆ ತೊಟ್ಟಿಗಳಲ್ಲಿ ಎರಡು ಜಾತಿ ಹೆಚ್ಚು. ಒಂದು ಯೂಡ್ರಿಲಸ್, ಆಫ್ರಿಕಾ ಮೂಲದ್ದು: ಉದ್ದಕ್ಕೆ, ಕಂದು ಕೆಂಪು, ಬೆನ್ನ ಮೇಲೆ ನೇರಳೆ ಮಿಂಚು. ಇದನ್ನ ಕೊಡಬಹುದು, ಕಪ್ಪೆಗಳು ಇಷ್ಟಪಟ್ಟು ತಿಂತವೆ. ಇನ್ನೊಂದು ಐಸೀನಿಯಾ: ಚಿಕ್ಕದು, ಮೈಮೇಲೆ ಹಳದಿ ಕೆಂಪು ಪಟ್ಟೆ. ಇದನ್ನ ಅದುಮಿದರೆ ಹಳದಿ ರಸ ಬಿಡುತ್ತೆ, ಕೆಟ್ಟ ವಾಸನೆ. ಆ ರಸ ಬೆನ್ನುಮೂಳೆ ಇರೋ ಪ್ರಾಣಿಗಳಿಗೆ ಒಗ್ಗಲ್ಲ. ಕಪ್ಪೆ ಬಾಯಿಗೆ ಹಾಕ್ಕೊಂಡು ಮುಂಗಾಲಲ್ಲಿ ತಳ್ಳಿ ಉಗಿಯುತ್ತೆ, ಆಮೇಲೆ ಒಳ್ಳೆ ಎರೆಹುಳ ತೋರಿಸಿದ್ರೂ ಮುಖ ತಿರುಗಿಸುತ್ತೆ.

ಹಸಿ ಸಗಣಿ ತೊಟ್ಟಿಯಿಂದ ತೆಗೆದು ನೇರ ಕೊಡಬೇಡಿ. ದನಕ್ಕೆ ಜಂತುಹುಳದ ಔಷಧಿ ಕೊಟ್ಟಿದ್ರೆ ಅದು ಸಗಣಿಯಲ್ಲಿ ಬರುತ್ತೆ. ಎಲೆ, ಸೊಪ್ಪು ಹಾಕಿ ಮಾಡಿದ ತೊಟ್ಟಿ ನೋಡಿ. ತಂದ ಹುಳವನ್ನ ತೊಳೆದ ತೆಂಗಿನ ನಾರಿನ ಪುಡಿಯಲ್ಲಿ ಒಂದು ರಾತ್ರಿ ಬಿಟ್ರೆ ಹೊಟ್ಟೆಯ ಮಣ್ಣು ಹೊರಗೆ ಹೋಗುತ್ತೆ. ಬೆಳಿಗ್ಗೆ ತೊಳೆದು 2 ಸೆಂ.ಮೀ. ತುಂಡು ಮಾಡಿ ಕೊಡಿ. ತೊಳೆಯೋ ನೀರು ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದ ದಿನದ್ದಾಗಬಾರದು.

ತಿಪ್ಪೆಯಲ್ಲಿ ಸಿಗೋ ದಪ್ಪ ಬಿಳಿ ಗೊಬ್ಬರದ ಹುಳ, ತೆಂಗಿನ ಕುರುವಾಯಿ ದುಂಬಿಯ ಮರಿ, ಅದನ್ನಂತೂ ತರಬೇಡಿ. ದವಡೆ ಗಟ್ಟಿ, ಮೈತುಂಬ ಸಗಣಿ. ತೆಂಗು, ಅಡಿಕೆ, ಕಡಲೆಕಾಯಿ ತೋಟಗಳಲ್ಲಿ ಗೊಣ್ಣೆ ಹುಳಕ್ಕೆ ಬುಡಕ್ಕೇ ಔಷಧಿ ಸುರಿಯೋದು ರೂಢಿ, ಸತ್ತಿಲ್ಲದ ಹುಳದ ಮೈಯಲ್ಲೂ ಅದು ಇರುತ್ತೆ.

ಕೆರೆಏರಿ_ಚಿಂತಾಮಣಿ

ಹಿತ್ತಲ ಮಿಡತೆ, ಮಳೆ ಬಂದಾಗ ದೀಪಕ್ಕೆ ಬರುವ ಈಸಲು ಹುಳ?

ನಂದಿತಪ್ಪಲು_ಕೀಟಲೋಕ

ಔಷಧಿ ಕಾಣದ ಜಾಗ ಅಂತ ನಿಮಗೆ ಖಾತ್ರಿ ಇದ್ದರೆ ಹುಲ್ಲಿನ ಹಸಿರು ಮಿಡತೆ ಸರಿ, ಮುಳ್ಳಿರುವ ಹಿಂಗಾಲು ಮುರಿದು ಕೊಡಿ. ಆದರೆ ಈ ಖಾತ್ರಿ ನಮ್ಮ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಸೇವಂತಿಗೆ, ಗುಲಾಬಿ, ಇವೆಲ್ಲ ಮತ್ತೆ ಮತ್ತೆ ಔಷಧಿ ಕೇಳುವ ಬೆಳೆಗಳು. ಮಿಡತೆ ಪಕ್ಕದ ಹೊಲದಲ್ಲಿ ಮೇಯ್ದು ನಿಮ್ಮ ಬೇಲಿಗೆ ಬಂದು ಕೂರುತ್ತದೆ. ಈಸಲು ಹುಳ ಮೃದು, ಕಪ್ಪೆಗೆ ಪ್ರಿಯ. ಆದರೆ ಮನೆ ಕಟ್ಟುವಾಗ ಗೆದ್ದಲಿಗೆ ಔಷಧಿ ಸುರಿದ ಪಾಯದ ಹತ್ತಿರ ಎದ್ದದ್ದಾದರೆ ಬೇಡ. ಎಲ್ಲಿಂದ ಎದ್ದಿತು ಅಂತ ನೋಡದೆ ದೀಪದ ಕೆಳಗಿಂದ ಬಾಚಿಕೊಳ್ಳಬಾರದು.

ವಿಷವನ್ನು ತಮ್ಮ ಮೈಯಲ್ಲೇ ಇಟ್ಟುಕೊಂಡಿರುವ ಕೀಟಗಳನ್ನು ಗುರುತು ಹಿಡಿಯಲು ಕಲಿಯಿರಿ. ಎಕ್ಕದ ಗಿಡದ ಮೇಲಿನ ಹಳದಿ-ನೀಲಿ ಪಟ್ಟೆಯ ದೊಡ್ಡ ಮಿಡತೆ ಎಕ್ಕದ ಹಾಲಿನ ಹೃದಯವಿಷವನ್ನು ಮೈಯಲ್ಲಿ ಕೂಡಿಟ್ಟಿರುತ್ತದೆ. ಅದೇ ಗಿಡದ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳ ನೋಡಲು ನುಣ್ಣಗಿದ್ದರೂ ಅದೂ ಬೇಡ. ಬೆಂಡೆ, ತೊಗರಿ, ದಾಸವಾಳದ ಹೂ ತಿನ್ನುವ, ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ದುಂಬಿಯಲ್ಲಿ ಕ್ಯಾಂಥರಿಡಿನ್ ಇದೆ, ಬರಿಗೈಯಲ್ಲಿ ಹಿಸುಕಿದರೆ ನಿಮ್ಮ ಚರ್ಮವೇ ಬೊಬ್ಬೆ ಏಳುತ್ತದೆ. ಕಾಡಿನ ಕೆಲವು ಕಪ್ಪೆಗಳು ಅಂಥ ದುಂಬಿ ತಿಂದು ಜೀರ್ಣಿಸಿಕೊಳ್ಳುತ್ತವೆ, ನಿಜ. ಅದನ್ನು ನಿಮ್ಮ ಕಪ್ಪೆಯ ಮೇಲೆ ಪರೀಕ್ಷಿಸಲು ಹೋಗಬೇಡಿ. ಮಿಂಚುಹುಳ, ಕೂದಲಿರುವ ಕಂಬಳಿಹುಳ, ಜರಿ, ಸಹಸ್ರಪದಿ, ವಾಸನೆ ಬಿಡುವ ತಿಗಣೆ ಜಾತಿ, ಕೆಂಪು-ಕಪ್ಪು ಹೊಳಪಿನ ಯಾವ ಕೀಟವೂ ಬೇಡ. ಬಸವನಹುಳದಲ್ಲಿ ಪರೋಪಜೀವಿಗಳಿರುತ್ತವೆ. ಅಡುಗೆಮನೆ ಜಿರಳೆ ಯಾವ ಮನೆಯ ಔಷಧಿ ತಿಂದು ಬಂದಿದೆಯೋ ಹೇಳಲಾಗುವುದಿಲ್ಲ.

ಜೊತೆಗೆ ಒಂದು ಮಾತು. ಮಳೆಗಾಲದಲ್ಲಿ ಮನೆ ಅಂಗಳಕ್ಕೆ ಬರುವ ನೆಲಗಪ್ಪೆ, ಕೆರೆಯ ಗೂಳಿಗಪ್ಪೆ ಹಿಡಿದು ಸಾಕುವ ಆಸೆ ಯಾರಿಗೂ ಬೇಡ. ಗೂಳಿಗಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅವು ಅಲ್ಲೇ ಇದ್ದರೆ ನಮ್ಮ ಹೊಲದ ಹುಳ ತಿನ್ನುತ್ತವೆ.

ತುಮಕೂರು_ಟಬ್‌ಫಾರ್ಮ್

ಕ್ರಿಕೆಟ್ ಮನೆಯಲ್ಲೇ ಮಾಡೋದು ಕಷ್ಟವಲ್ಲ. 60 ಲೀಟರ್ ಪ್ಲಾಸ್ಟಿಕ್ ಟಬ್, ಮುಚ್ಚಳದಲ್ಲಿ ಅಂಗೈ ಅಗಲದ ಎರಡು ಕಿಂಡಿ, ಅದಕ್ಕೆ ಕಬ್ಬಿಣದ ಸಣ್ಣ ಜಾಲರಿ. ಪ್ಲಾಸ್ಟಿಕ್ ಜಾಲರಿ ಆದರೆ ಕಡಿದು ಹೊರಗೆ ಬರುತ್ತವೆ. ಒಳಗೆ ಕಾಗದದ ಮೊಟ್ಟೆ ಟ್ರೇ 6-8, ಮಲಗಿಸದೆ ನಿಲ್ಲಿಸಿ, ಹಿಕ್ಕೆ ಕೆಳಗೆ ಬೀಳುತ್ತೆ. ಟ್ರೇ ಹೊಸದೇ ಇರಲಿ. ಕೋಳಿ ಫಾರ್ಮಿನ ಹಳೇ ಟ್ರೇಯಲ್ಲಿ ಸಾಲ್ಮೊನೆಲ್ಲಾ ಬರಬಹುದು. ನೀರಿಗೆ ಬಟ್ಟಲು ಇಡಬೇಡಿ, ಒದ್ದೆ ಹತ್ತಿ ಸಾಕು, ಮರಿಗಳು ಒಂದು ಹನಿಯಲ್ಲೂ ಮುಳುಗಿ ಸಾಯ್ತವೆ.

ಮೊಟ್ಟೆಗೆ ಅರ್ಧ ಲೀಟರ್ ಮೊಸರಿನ ಡಬ್ಬಿಯಲ್ಲಿ 5 ಸೆಂ.ಮೀ. ಒದ್ದೆ ತೆಂಗಿನ ನಾರಿನ ಪುಡಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಎರಡು ದಿನ ಟಬ್ಬಿನಲ್ಲಿಟ್ಟು, ತೆಗೆದು ಮುಚ್ಚಿ 30 ಡಿಗ್ರಿ ಬಿಸಿಯಲ್ಲಿಟ್ಟರೆ 10ರಿಂದ 13 ದಿನಕ್ಕೆ ಮರಿ. 6-8 ವಾರಕ್ಕೆ ದೊಡ್ಡವು. ತಿನಿಸಿಗೆ ಔಷಧಿ ಸೇರಿಸದ ಕೋಳಿ ಮ್ಯಾಶ್ ಕೇಳಿ ತನ್ನಿ. ಮಾಮೂಲಿ ಮ್ಯಾಶಿನ ಎಷ್ಟೋ ಚೀಲಗಳಲ್ಲಿ ರಕ್ತಭೇದಿ ತಡೆಯೋ ಔಷಧಿ ಬೆರೆಸಿರ್ತಾರೆ, ಚೀಲದ ಚೀಟಿಯಲ್ಲಿ ಬರೆದಿರುತ್ತೆ. ಹಸಿ ತಿನಿಸಿಗೆ ಸಿಪ್ಪೆ ತೆಗೆದ ಕ್ಯಾರೆಟ್, ಸಿಹಿಗುಂಬಳ, ಮನೆಯ ನುಗ್ಗೆ ಸೊಪ್ಪು. ಪಾಲಕ್‌ನಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ, ಬೇಡ.

ಟಬ್ಬಿನ ರೂಮಿನಲ್ಲಿ ಸೊಳ್ಳೆ ಬತ್ತಿ, ಗೋಡೆಗೆ ಚುಚ್ಚೋ ಸೊಳ್ಳೆ ಲಿಕ್ವಿಡ್, ಇರುವೆಗೆ ಗೆರೆ ಎಳೆಯೋ ಸೀಮೆಸುಣ್ಣ ಯಾವುದೂ ಬೇಡ. ಇರುವೆಗೆ ಸ್ಟ್ಯಾಂಡಿನ ಕಾಲುಗಳನ್ನ ಸೋಪು ನೀರಿನ ಬಟ್ಟಲಲ್ಲಿ ಇಡಿ. ಕಪ್ಪೆಗೆ ಬಿಟ್ಟ ಕ್ರಿಕೆಟ್ 15-20 ನಿಮಿಷದಲ್ಲಿ ತಿನ್ನದಿದ್ದರೆ ಹಿಡಿದು ವಾಪಸ್ ಹಾಕಿ. ರಾತ್ರಿ ಹಸಿದ ಕ್ರಿಕೆಟ್ ಮಲಗಿರೋ ಕಪ್ಪೆಯ ಬೆರಳು, ಕಣ್ಣಿನ ಅಂಚು ಕಡಿಯುತ್ತೆ.

ಮುಳಬಾಗಿಲು_ಹೊಲಮನೆ

ಇಷ್ಟೆಲ್ಲ ಯಾಕೆ, ಮೀಲ್‌ವರ್ಮ್ ಒಂದು ಡಬ್ಬಿ ಗೋಧಿ ಬೂಸಾದಲ್ಲಿ ತಾನೇ ಬೆಳೆಯುತ್ತೆ, ದಿನಾ ಅದನ್ನೇ ಹಾಕಿದ್ರೆ ಆಗಲ್ವಾ?

ತುಮಕೂರು_ಟಬ್‌ಫಾರ್ಮ್

ದಿನದ ಊಟವಾಗಿ ನಾನು ಒಪ್ಪಲ್ಲ ಅಣ್ಣ. ಕೊಬ್ಬು ನೂರಕ್ಕೆ 13, ಅದೇ ಥರದ ದೊಡ್ಡ ಹುಳ ಸೂಪರ್‌ವರ್ಮ್‌ನಲ್ಲಿ 18ರ ಹತ್ತಿರ, ಮೇಣದ ಪತಂಗದ ಮರಿ ವ್ಯಾಕ್ಸ್‌ವರ್ಮ್‌ನಲ್ಲಿ 25. ಕ್ಯಾಲ್ಸಿಯಂ ಲೆಕ್ಕ ಡಾಕ್ಟ್ರು ಮೇಲೆ ಹೇಳಿದ್ದಾರೆ. ಸಿಪ್ಪೆನೂ ಗಟ್ಟಿ. ಆಗ ತಾನೇ ಪೊರೆ ಬಿಟ್ಟ ಬಿಳಿ ಹುಳ ಆರಿಸಿ ವಾರಕ್ಕೊಮ್ಮೆ ಕೊಡಿ. ಸೂಪರ್‌ವರ್ಮ್ ಹೊಟ್ಟೆ ಕೊರೆದು ಹೊರಗೆ ಬರುತ್ತೆ ಅನ್ನೋದು ಸುಳ್ಳು, ಆದರೆ ಬಾಯಿ ಕಚ್ಚೋದು ನಿಜ. ಮೀಲ್‌ವರ್ಮ್ ಫ್ರಿಜ್ಜಿನಲ್ಲಿ 8-10 ಡಿಗ್ರಿಯಲ್ಲಿ ಇಡಬಹುದು, ಸೂಪರ್‌ವರ್ಮ್ ಇಟ್ಟರೆ ಸಾಯುತ್ತೆ.

ಗಲ್‌ಪೇಟೆ_ಪಶುವೈದ್ಯ

ಇದೇ ಸಂದರ್ಭದಲ್ಲಿ ಚಳಿಯ ವಿಷಯ. ಡಿಸೆಂಬರ್, ಜನವರಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ರಾತ್ರಿ ಕೊರೆಯುತ್ತದೆ. ತೊಟ್ಟಿಯೊಳಗೆ 20 ಡಿಗ್ರಿಗಿಂತ ಕೆಳಗಿಳಿದರೆ ಪ್ಯಾಕ್‌ಮನ್‌ಗೆ ಹುಳ ಕೊಡಬೇಡಿ. ಚಳಿಗೆ ಜೀರ್ಣವಾಗದೆ ಹುಳ ಹೊಟ್ಟೆಯಲ್ಲೇ ಕೊಳೆಯುತ್ತದೆ. 25-27 ಡಿಗ್ರಿಗೆ ತಂದು, ಒಂದು ದಿನ ಬಿಟ್ಟು ಕೊಡಿ.

ಔಷಧಿ ತಗುಲಿದ ಹುಳ ತಿಂದರೆ ಕಪ್ಪೆಯ ಕಾಲು ಅದುರುತ್ತದೆ, ಹಿಂಗಾಲು ಚಾಚಿ ಬಿಗಿಯುತ್ತದೆ, ಅಂಗಾತ ಮಲಗಿಸಿದರೆ ಮಗುಚಿಕೊಳ್ಳಲು ಆಗುವುದಿಲ್ಲ. ಕೂಡಲೇ ಎಲ್ಲ ಹುಳ ತೆಗೆಯಿರಿ. ಕ್ಲೋರಿನ್ ಇಲ್ಲದ, ಕೋಣೆಯಷ್ಟೇ ಬೆಚ್ಚಗಿರುವ ನೀರನ್ನು ಅಗಲ ಡಬ್ಬಿಯಲ್ಲಿ ಗದ್ದ ಮುಳುಗದಷ್ಟು ಹಾಕಿ ಅದರಲ್ಲಿ ಕೂರಿಸಿ, ಕತ್ತಲಲ್ಲಿಡಿ. ಬಾಯಿಗೆ ಏನೂ ಹಾಕಬೇಡಿ. ಉಳಿದ ಹುಳಗಳನ್ನು ಮುಚ್ಚಿದ ಡಬ್ಬಿಯಲ್ಲಿ ಜೊತೆಗೇ ತಂದು ವೈದ್ಯರಿಗೆ ತೋರಿಸಿ. ಏನು ತಿಂದಿತು ಅನ್ನುವುದು ತಿಳಿದರೆ ಚಿಕಿತ್ಸೆಗೆ ಹಾದಿ ಸಿಗುತ್ತದೆ.

ಇದಕ್ಕಿಂತ ಸುಲಭ, ಹೊಸ ಹುಳ ಎಲ್ಲಿಂದ ತಂದರೂ 48 ಗಂಟೆ ಬೇರೆ ಡಬ್ಬಿಯಲ್ಲಿಟ್ಟು ನೋಡುವುದು. ಕಾಲು ಅದುರಿಸುತ್ತ ಬೆನ್ನ ಮೇಲೆ ಬಿದ್ದು ಸಾಯುವ ಹುಳ ಕಂಡರೆ ಇಡೀ ಡಬ್ಬಿ ಬಿಸಾಡಿ. ಬದುಕಿರುವವನ್ನು ಆರಿಸಿಕೊಳ್ಳಲು ಹೋಗಬೇಡಿ.

ಕೆರೆಏರಿ_ಚಿಂತಾಮಣಿ

ರೇಷ್ಮೆ ಹುಳ ಮುಖ್ಯವಾಗಿಟ್ಟುಕೊಂಡು, ನಡುನಡುವೆ ಕ್ರಿಕೆಟ್, ಎರೆಹುಳ ಅಂತ ಯೋಚಿಸಿದ್ದೇನೆ. ರೈತರ ಹತ್ತಿರ ಎಷ್ಟು ಹುಳ ಕೇಳಬೇಕು?

ಹಿಪ್ಪುನೇರಳೆ_ಶಿಡ್ಲಘಟ್ಟ

60 ಹುಳ ಸಾಕು, ಅವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನೂರು ಮೊಟ್ಟೆ (ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪು) ಚಾಕಿ, ಅಂದರೆ ಎಳೆ ಹುಳ, ತಂದರೆ 40 ಸಾವಿರದ ಮೇಲೆ ಹುಳ ಇರುತ್ತವೆ. ಎರಡು ವೈಟ್ಸ್‌ಗೆ ವಾರಕ್ಕೆ ಮೂರು ಸಲ, ಸಲಕ್ಕೆ 3 ಹುಳ ಅಂದರೆ 18. ಮರಿಗೆ ದಿನ ಬಿಟ್ಟು ದಿನ 2-3. ಸುಮಾರು ಹತ್ತು ದಿನಕ್ಕೆ ಧಾರಾಳವಾಗುತ್ತದೆ. ಎರಡನೇ ಜ್ವರ ಎದ್ದದ್ದು ತನ್ನಿ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಮೇಯುವ ಸೊಪ್ಪು ನಿಮ್ಮ ಕೈಲಿ ಪೂರೈಸಲು ಆಗುವುದಿಲ್ಲ, ಅಷ್ಟರೊಳಗೆ ಮುಗಿಸಬೇಕು. ಹಿತ್ತಲಲ್ಲಿ ಹಿಪ್ಪುನೇರಳೆ ಕಡ್ಡಿ ಈಗಲೇ ನೆಡಿ: ಬೆರಳು ದಪ್ಪದ್ದು, 3-4 ಕಣ್ಣಿರಲಿ, ಒಂದು ಕಣ್ಣು ಮಾತ್ರ ಮಣ್ಣಿನ ಮೇಲೆ. ಸೊಪ್ಪಿನ ಮೇಲಿನ ನೀರು ಆರಿದ ಮೇಲೇ ಹುಳಕ್ಕೆ ಹಾಕಿ, ಒದ್ದೆ ಸೊಪ್ಪಿಗೆ ಸಪ್ಪೆ ರೋಗ ಬೇಗ ಬರುತ್ತದೆ. ಊಜಿ ನೊಣ ಬರದಂತೆ ಟ್ರೇಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ.